ಆ ಕೋಣೆಯಲ್ಲಿ ಯಾರ ದನಿ ಕೇಳುತ್ತದೆ?

ಸಿಂಗಪುರದ ನೊವೀನಾ ಬಡಾವಣೆಯಲ್ಲಿ ಯುನೈಟೆಡ್ ಸ್ಕ್ವೇರ್ ಎಂಬ ಮಾಲ್ ಒಂದಿದೆ. ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋದರೆ ಬಟ್ಟೆ, ಚಪ್ಪಲಿ ಕೊಳ್ಳಲು ಬಂದವರಿಗಿಂತ ಬೆನ್ನಿಗೆ ಪುಟ್ಟ ಬ್ಯಾಗು ಏರಿಸಿಕೊಂಡ ಮಕ್ಕಳೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತಾರೆ. ಮೂರು ವರ್ಷದವರು, ನಾಲ್ಕು ವರ್ಷದವರು. ಕೆಲವರ ಕಣ್ಣಲ್ಲಿ ಇನ್ನೂ ನಿದ್ದೆ ಇರುತ್ತದೆ. ಮಹಡಿ ಮಹಡಿಗೂ ಸಾಲಾಗಿ ಮಕ್ಕಳ ತರಗತಿಗಳು: ಗಣಿತಕ್ಕೊಂದು, ಪಿಯಾನೊಗೊಂದು, ಇಂಗ್ಲಿಷ್ ಓದಿಗೊಂದು, ಚಿತ್ರಕಲೆಗೊಂದು, ಚೀನಿ ಭಾಷೆಗೊಂದು. ಇದು ಒಂದು ಮಾಲ್‌ನ ಕತೆಯಲ್ಲ. ಬುಕಿಟ್ ತಿಮಾ, ಟ್ಯಾಂಪನೀಸ್, ಜುರಾಂಗ್, ಎಲ್ಲಿ ನೋಡಿದರೂ ಇದೇ. ಶಾಲೆಗೆ ಹೋಗುವ ಮಗುವಿಗೆ ಕೊಡಿಸುವುದನ್ನು ಅಲ್ಲಿನವರು ಟ್ಯೂಷನ್ ಎನ್ನುತ್ತಾರೆ. ಇನ್ನೂ ಶಾಲೆ ಮೆಟ್ಟಿಲು ಹತ್ತದ ಮಕ್ಕಳಿಗೆ ಕೊಡಿಸುವುದನ್ನು ಎನ್‌ರಿಚ್‌ಮೆಂಟ್ ಕ್ಲಾಸ್ ಎನ್ನುತ್ತಾರೆ.

ಆ ಚೀನಿ ಭಾಷೆಯ ತರಗತಿಯ ಬಾಗಿಲಲ್ಲಿ ಮಗುವಿನ ಕೈ ಹಿಡಿದು ನಿಂತವರಲ್ಲಿ ಹೆಚ್ಚಿನವರು ಚೀನಿಯರೇ. ಊರಿನ ಸುಮಾರು ಮುಕ್ಕಾಲು ಪಾಲು ಜನ ಚೀನಿ ಮೂಲದವರಾಗಿರುವ ಕಡೆ, ಚೀನಿ ಮನೆತನದ ಮಗುವಿಗೆ ಚೀನಿ ಮಾತು ಕಲಿಸಲು ದುಡ್ಡು ಕೊಟ್ಟು ತರಗತಿಗೆ ಸೇರಿಸಬೇಕೇ ಎಂದು ಹೊಸದಾಗಿ ಹೋದವರಿಗೆ ಆಶ್ಚರ್ಯವಾಗುತ್ತದೆ. ನನಗೂ ಆಗಿತ್ತು. ಆ ಊರಿನ ಶಿಶುವಿಹಾರವೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಚೀನಿ ಭಾಷೆಯ ಟೀಚರು. ಅವರನ್ನು ಮಕ್ಕಳೂ ನಾವೂ ಲಾವೋಶಿ, ಅಂದರೆ ಗುರುಗಳು, ಎಂದೇ ಕರೆಯುತ್ತಿದ್ದೆವು. ಅದೇ ಮಕ್ಕಳು ನನ್ನ ಕೋಣೆಯಲ್ಲಿ ವಟಗುಟ್ಟುತ್ತಿದ್ದುದನ್ನೂ ಅಲ್ಲಿ ಬಾಯಿ ಬಿಗಿದು ಕೂರುತ್ತಿದ್ದುದನ್ನೂ ದಿನವೂ ನೋಡುತ್ತಿದ್ದೆ. ಸಂಜೆ ಕರೆದೊಯ್ಯಲು ಬಂದ ತಾಯಂದಿರು ಕೇಳುತ್ತಿದ್ದ ಪ್ರಶ್ನೆ ಒಂದೇ: ಯಾವ ತರಗತಿಗೆ ಹಾಕಲಿ? ಈಗ ನಮ್ಮ ಕನ್ನಡದ ಮನೆಗಳಿಂದಲೂ ಆ ಪ್ರಶ್ನೆ ಬರುತ್ತಿದೆ. ಮಗ ಸೊಸೆ ಸಿಂಗಪುರದಲ್ಲಿದ್ದಾರೆ, ಮೊಮ್ಮಗುವನ್ನು ಚೀನಿ ಕ್ಲಾಸಿಗೆ ಸೇರಿಸುತ್ತಾರಂತೆ, ಅದು ಒಳ್ಳೆಯದೇ ಎಂದು ಅಜ್ಜ ಅಜ್ಜಿಯರು ಕೇಳುತ್ತಾರೆ. ಇವತ್ತಿನ ನನ್ನ ಮಾತು ಅದರ ಬಗ್ಗೆ. ಯಾವ ಕೇಂದ್ರದ ಹೆಸರನ್ನೂ ನಾನು ಹೇಳುವುದಿಲ್ಲ. ಹೇಗೆ ಆರಿಸಬೇಕು ಎಂಬುದನ್ನು ಹೇಳುತ್ತೇನೆ.

ಮೊದಲು, ಚೀನಿ ಮನೆಯಿಂದ ಚೀನಿ ಮಾತು ಹೇಗೆ ಜಾರಿತು ಎಂಬುದನ್ನು ತಿಳಿಯಬೇಕು. ಈಗಿನ ಮಕ್ಕಳ ಅಜ್ಜ ಅಜ್ಜಿಯರ ಮನೆಮಾತು, ಶಾಲೆಯಲ್ಲಿ ಕಲಿಸುವ ಚೀನಿಯಾದ ಮ್ಯಾಂಡರಿನ್ ಆಗಿರಲಿಲ್ಲ. ದಕ್ಷಿಣ ಚೀನಾದ ಕರಾವಳಿಯಿಂದ ಬಂದ ಆ ಜನ ಹೊಕ್ಕಿಯನ್, ಟಿಯೊಚೂ, ಕ್ಯಾಂಟನೀಸ್, ಹಕ್ಕಾ, ಹೈನಾನೀಸ್ ಆಡುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಷ್ಟು ದೂರದ ನುಡಿಗಳು ಇವು. 1966ರಲ್ಲಿ ಸರ್ಕಾರ ಪ್ರೌಢಶಾಲೆಗಳಲ್ಲಿ ಎರಡನೆಯ ಭಾಷೆಯನ್ನು ಕಡ್ಡಾಯ ಮಾಡಿತು. 1979ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಮ್ಯಾಂಡರಿನ್ ಮಾತಾಡಿ ಎಂಬ ಆಂದೋಲನಕ್ಕೆ ಚಾಲನೆ ಕೊಟ್ಟರು. ಮನೆಯಲ್ಲಿ, ಪೇಟೆಯಲ್ಲಿ, ಕಚೇರಿಯಲ್ಲಿ ಚೀನಿಯರೆಲ್ಲ ಒಂದೇ ನುಡಿ ಆಡಬೇಕು, ಆಗ ಮಕ್ಕಳಿಗೆ ಶಾಲೆಯ ಚೀನಿ ಭಾಷೆ ಸಲೀಸಾಗುತ್ತದೆ ಎಂಬುದು ಅವರ ಲೆಕ್ಕ. 1987ರ ಹೊತ್ತಿಗೆ ಎಲ್ಲ ಶಾಲೆಗಳಲ್ಲೂ ಇಂಗ್ಲಿಷ್ ಮೊದಲ ಭಾಷೆಯಾಯಿತು, ಚೀನಿ ಒಂದು ವಿಷಯವಾಗಿ ಉಳಿಯಿತು.

ಬಾನುಲಿಯಲ್ಲಿ ಮಾತಾಡುತ್ತಿರುವ ನಾನು ಬಾನುಲಿಯ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. 1949ರಲ್ಲಿ ಸಿಂಗಪುರದಲ್ಲಿ ರೆಡಿಫ್ಯೂಷನ್ ಎಂಬ ಬಾನುಲಿ ಸೇವೆ ಆರಂಭವಾಯಿತು. ಮನೆ ಮನೆಗೆ ತಂತಿ ಎಳೆದು, ತಿಂಗಳ ಬಾಡಿಗೆಗೆ ಪೆಟ್ಟಿಗೆ ಕೊಡುತ್ತಿದ್ದರು. ಅದರಲ್ಲಿ ಲೀ ದಾಯ್ ಸೋರ್ ಎಂಬ ಕತೆಗಾರರು ಕ್ಯಾಂಟನೀಸ್ ನುಡಿಯಲ್ಲಿ ಕತೆ ಹೇಳುತ್ತಿದ್ದರು. ಅವರ ದನಿ ಬರುವ ಹೊತ್ತಿಗೆ ಕಾಫಿ ಅಂಗಡಿಗಳಲ್ಲಿ ಜನ ಕಿವಿಗೊಟ್ಟು ಕೂರುತ್ತಿದ್ದರು, ಮನೆಗಳಲ್ಲಿ ಮಕ್ಕಳು ಅಜ್ಜಿಯ ಪಕ್ಕ ಕೂತು ಕೇಳುತ್ತಿದ್ದರು. 1980ರ ದಶಕದ ಆರಂಭದಲ್ಲಿ ಅಂಥ ಕಾರ್ಯಕ್ರಮಗಳೆಲ್ಲ ನಿಂತವು. ಮ್ಯಾಂಡರಿನ್ ಬೆಳೆಯಬೇಕಾದರೆ ಉಳಿದ ನುಡಿಗಳು ಹಿಂದೆ ಸರಿಯಬೇಕು ಎಂಬುದು ಆಗಿನ ನಿಲುವು. ಆ ನಿಲುವಿನ ರಾಜಕೀಯ ಕಾರಣ ನನಗೆ ಅರ್ಥವಾಗುತ್ತದೆ. ಆದರೂ ಅಜ್ಜಿ ತನಗೆ ಬಾರದ ಇಂಗ್ಲಿಷಿನಲ್ಲಿ ತಡವರಿಸುತ್ತ ಮೊಮ್ಮಗಳಿಗೆ ಅನ್ನ ತಿನ್ನು ಎಂದು ಹೇಳುವುದನ್ನು ಶಿಶುವಿಹಾರದ ಗೇಟಿನಲ್ಲಿ ಕೇಳಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ಅಜ್ಜಿಯ ನುಡಿ ಹೋಯಿತು. ಅದರ ಜಾಗಕ್ಕೆ ಬಂದ ಮ್ಯಾಂಡರಿನ್ ಒಂದು ತಲೆಮಾರು ಮನೆಯಲ್ಲಿ ನಿಂತು, ಈಗ ಅದೂ ಸಡಿಲವಾಗುತ್ತಿದೆ. 2010ರ ಜನಗಣತಿಯಲ್ಲಿ ಮನೆಯಲ್ಲಿ ಹೆಚ್ಚಾಗಿ ಮ್ಯಾಂಡರಿನ್ ಆಡುತ್ತೇವೆ ಎಂದವರು ಶೇ. 35.6, ಇಂಗ್ಲಿಷ್ ಎಂದವರು ಶೇ. 32.3. ಹತ್ತೇ ವರ್ಷದಲ್ಲಿ, 2020ರ ಗಣತಿಗೆ, ಇಂಗ್ಲಿಷ್ ಶೇ. 48.3ಕ್ಕೆ ಏರಿತು, ಮ್ಯಾಂಡರಿನ್ ಶೇ. 29.9ಕ್ಕೆ ಇಳಿಯಿತು. ಅಪ್ಪ ಅಮ್ಮ ಇಬ್ಬರೂ ಇಂಗ್ಲಿಷಿನಲ್ಲೇ ಓದಿದವರು, ಕಚೇರಿಯಿಂದ ದಣಿದು ಬಂದವರು, ತಮಗೆ ಸಲೀಸಾದ ನುಡಿಯಲ್ಲೇ ಮಾತಾಡುತ್ತಾರೆ. ಹಗಲಿಡೀ ಮಗುವನ್ನು ನೋಡಿಕೊಳ್ಳುವ ಕೆಲಸದಾಕೆ ಫಿಲಿಪೀನ್ಸ್‌ನಿಂದಲೋ ಇಂಡೋನೇಷ್ಯಾದಿಂದಲೋ ಮ್ಯಾನ್ಮಾರ್‌ನಿಂದಲೋ ಬಂದವಳು. ಅವಳ ಜೊತೆಗೂ ಇಂಗ್ಲಿಷೇ. ಟಿವಿ ಇಂಗ್ಲಿಷ್, ಆಟದ ಸಾಮಾನಿನ ಹಾಡೂ ಇಂಗ್ಲಿಷ್.

ಹೀಗೆ ಬೆಳೆದ ಮಗುವಿನ ಎದುರಿಗೆ ಆರನೇ ತರಗತಿಯ ಕೊನೆಯಲ್ಲಿ ಪಿಎಸ್‌ಎಲ್‌ಇ ಎಂಬ ಸಾರ್ವಜನಿಕ ಪರೀಕ್ಷೆ ಇದೆ. ಇಂಗ್ಲಿಷ್, ಗಣಿತ, ವಿಜ್ಞಾನ, ಮಾತೃಭಾಷೆ, ನಾಲ್ಕೇ ವಿಷಯ. ಚೀನಿ ಮಕ್ಕಳಿಗೆ ಆ ಮಾತೃಭಾಷೆ ಎಂದರೆ ಚೀನಿ. ನಾಲ್ಕಕ್ಕೂ ಒಂದೇ ತೂಕ. ಯಾವ ಪ್ರೌಢಶಾಲೆಗೆ ಸೀಟು ಎಂಬುದು ಬಹುಮಟ್ಟಿಗೆ ಅದರಿಂದಲೇ ನಿರ್ಧಾರವಾಗುತ್ತದೆ. ಮಗುವಿಗೆ ಮೂರು ವರ್ಷ ತುಂಬುವಾಗಲೇ ಅಪ್ಪ ಅಮ್ಮನಿಗೆ ಆ ಪರೀಕ್ಷೆಯ ಚಿಂತೆ ಹತ್ತುತ್ತದೆ. 2023ರ ಕುಟುಂಬ ವೆಚ್ಚ ಸಮೀಕ್ಷೆಯ ಪ್ರಕಾರ ಸಿಂಗಪುರದ ಮನೆಗಳು ಒಂದು ವರ್ಷಕ್ಕೆ ಖಾಸಗಿ ಪಾಠಗಳಿಗೆ ಖರ್ಚು ಮಾಡುವುದು 180 ಕೋಟಿ ಸಿಂಗಪುರ ಡಾಲರ್. ಹೆದರಿದ ತಾಯಿ ತರಗತಿ ಆರಿಸುವಾಗ ಕಣ್ಣಿಗೆ ಕಾಣುವುದನ್ನು ಕೇಳುತ್ತಾಳೆ: ವರ್ಷಕ್ಕೆ ಎಷ್ಟು ಅಕ್ಷರ ಕಲಿಸುತ್ತೀರಿ? ಕೇಂದ್ರಗಳೂ ಅದನ್ನೇ ಫಲಕದಲ್ಲಿ ಬರೆದು ಹಾಕುತ್ತವೆ. ಇಷ್ಟು ವಾರದಲ್ಲಿ ಇಷ್ಟು ನೂರು ಅಕ್ಷರ. ಮನೆಗೆ ದಪ್ಪನೆಯ ಹಾಳೆಗಳ ಕಟ್ಟು ಬರುತ್ತದೆ. ದುಡ್ಡು ಕೊಟ್ಟದ್ದಕ್ಕೆ ಕೈಗೆ ಏನೋ ಸಿಕ್ಕಿತು ಎಂಬ ಸಮಾಧಾನ.

ನಾನು ತಕರಾರು ತೆಗೆಯುವುದು ಇಲ್ಲಿ. ಚೀನಿ ಬರವಣಿಗೆ ನಮ್ಮದರ ಹಾಗಲ್ಲ. ಕನ್ನಡದ ಮಗು ವರ್ಣಮಾಲೆ, ಕಾಗುಣಿತ, ಒತ್ತಕ್ಷರ ದಾಟಿದರೆ ಮುಗಿಯಿತು. ಬಾಯಲ್ಲಿ ಆಡುವ ಯಾವ ಮಾತನ್ನಾದರೂ ಬರೆಯಬಲ್ಲದು. ಚೀನಿಯಲ್ಲಿ ಮಾತಿನ ಸುಲಭ ಬೇರೆ, ಬರೆಯುವ ಸುಲಭ ಬೇರೆ. ‘ನಾನು’ ಎಂಬುದಕ್ಕೆ ಅವರಲ್ಲಿ ‘ವೊ’. ಎರಡು ವರ್ಷದ ಕೂಸು ಅದನ್ನು ಹೇಳುತ್ತದೆ. ಬರೆಯಲು ಹೋದರೆ ಏಳು ಗೀರು, ಅದೂ ಗೊತ್ತಾದ ಕ್ರಮದಲ್ಲೇ ಎಳೆಯಬೇಕು. ‘ಶಿಯೆ ಶಿಯೆ’ ಎಂದು ಧನ್ಯವಾದ ಹೇಳುವುದನ್ನು ಮಗು ಮೊದಲ ವಾರವೇ ಕಲಿಯುತ್ತದೆ. ಆ ಅಕ್ಷರಕ್ಕೆ ಹನ್ನೆರಡು ಗೀರು, ಎರಡು ಸಲ ಬರೆದರೆ ಇಪ್ಪತ್ತನಾಲ್ಕು. ಇದು ಸಿಂಗಪುರ 1976ರಿಂದ ಚೀನಾದ ಪಟ್ಟಿಯನ್ನೇ ಒಪ್ಪಿಕೊಂಡು ಬಳಸುತ್ತಿರುವ ಸರಳ ಲಿಪಿಯ ಲೆಕ್ಕ. ಹಳೆಯ ಲಿಪಿಯಲ್ಲಿ ಇನ್ನೂ ಹೆಚ್ಚು. ನಾಲ್ಕು ವರ್ಷದ ಮಗುವಿನ ಬೆರಳಿಗೆ ಪೆನ್ಸಿಲ್ ಇನ್ನೂ ಸರಿಯಾಗಿ ನಿಲ್ಲುವುದಿಲ್ಲ. ಅದರ ಬಾಯಿ ಮತ್ತು ಕಿವಿ ಮಾತ್ರ ಆ ವಯಸ್ಸಿನಲ್ಲಿ ಎಂದೂ ಇಲ್ಲದಷ್ಟು ಚುರುಕು. ಚುರುಕಾದದ್ದನ್ನು ಬಿಟ್ಟು ಬೆರಳಿನಿಂದ ಭಾಷೆ ಶುರು ಮಾಡಿದರೆ ಮಗುವಿಗೆ ಅದು ಭಾಷೆಯಾಗಿ ಕಾಣುವುದಿಲ್ಲ, ಶಿಕ್ಷೆಯಾಗಿ ಕಾಣುತ್ತದೆ.

ಇದು ಸಿಂಗಪುರವೇ ದುಬಾರಿ ಬೆಲೆ ತೆತ್ತು ಕಲಿತ ಪಾಠ. ದಶಕಗಳ ಕಾಲ ಅಲ್ಲಿ ಚೀನಿ ಪಾಠ ಎಂದರೆ ಟಿಂಗ್‌ಶಿಯೆ, ಅಂದರೆ ಉಕ್ತಲೇಖನ, ಮತ್ತು ಮೋಶಿಯೆ, ಅಂದರೆ ನೆನಪಿನಿಂದ ಸಾಲು ಸಾಲು ಬರೆಯುವುದು. ಭಾನುವಾರ ರಾತ್ರಿ ಊಟದ ಮೇಜಿನ ಮೇಲೆ ಚೌಕುಳಿ ಚೌಕುಳಿಯ ಪುಸ್ತಕ ಬಿಚ್ಚಿ, ಅಮ್ಮ ಒಂದೊಂದೇ ಪದ ಓದುವುದು, ಮಗು ಅಳುತ್ತ ಬರೆಯುವುದು, ಒಂದು ಚುಕ್ಕಿ ತಪ್ಪಿದರೆ ಅಳಿಸಿ ಮತ್ತೆ ಹತ್ತು ಸಲ. ಸೋಮವಾರ ಬರೆದದ್ದು ಶುಕ್ರವಾರಕ್ಕೆ ಮರೆತಿರುತ್ತಿತ್ತು. 2009ರ ನವೆಂಬರಿನಲ್ಲಿ ಸಿಂಗಪುರ ಚೀನಿ ಭಾಷಾ ಕೇಂದ್ರದ ಉದ್ಘಾಟನೆಯಲ್ಲಿ ಲೀ ಕ್ವಾನ್ ಯೂ ಅವರೇ ಇದರ ಬಗ್ಗೆ ಮಾತಾಡಿದರು. ನಾವು ಆರಂಭಿಸಿದ ರೀತಿಯೇ ತಪ್ಪಾಗಿತ್ತು. ಉಕ್ತಲೇಖನಕ್ಕೂ ಬಾಯಿಪಾಠಕ್ಕೂ ಪಟ್ಟು ಹಿಡಿದು, ಇಂಗ್ಲಿಷ್ ಮನೆಗಳಿಂದ ಬಂದ ಮಕ್ಕಳು ಭಾಷೆಗೇ ಬೆನ್ನು ತಿರುಗಿಸುವಂತೆ ಮಾಡಿದೆವು ಎಂಬ ಅರ್ಥದ ಮಾತು ಅದು. ತಾನು ಕಟ್ಟಿದ ನೀತಿಯ ಬಗ್ಗೆ ಎಂಬತ್ತು ದಾಟಿದ ನಾಯಕರೊಬ್ಬರು ಬಹಿರಂಗವಾಗಿ ಹೀಗೆ ಹೇಳಿದ್ದು ದೊಡ್ಡ ಸಂಗತಿ. ಅಲ್ಲಿಂದೀಚೆಗೆ ಶಾಲೆಗಳು ಬದಲಾಗಿವೆ. 2019ರಿಂದ ಒಂದು ಮತ್ತು ಎರಡನೇ ತರಗತಿಗಳಲ್ಲಿ ಅಂಕದ ಪರೀಕ್ಷೆಯೇ ಇಲ್ಲ. ಪಿಎಸ್‌ಎಲ್‌ಇಯ ಚೀನಿ ಭಾಷೆಯಲ್ಲೂ ಮಾತಿಗೆ ಮತ್ತು ಆಲಿಸುವುದಕ್ಕೆ ಸೇರಿ ಶೇ. 35ರಷ್ಟು ಅಂಕಗಳಿವೆ, ಮಗು ಒಂದು ಪುಟ್ಟ ವಿಡಿಯೊ ನೋಡಿ, ಅದರ ಬಗ್ಗೆ ಪರೀಕ್ಷಕರ ಜೊತೆ ಎದುರು ಕೂತು ಮಾತಾಡಬೇಕು. ಆದರೂ ಕೆಲವು ಖಾಸಗಿ ತರಗತಿಗಳು ಹಳೆಯ ದಾರಿಯನ್ನೇ ಮೂರು ವರ್ಷದ ಮಕ್ಕಳಿಗೆ ಮಾರುತ್ತಿವೆ.

ಹಾಗಾದರೆ ಆರಿಸುವುದು ಹೇಗೆ? ಹೆಚ್ಚಿನ ಕೇಂದ್ರಗಳು ಟ್ರಯಲ್ ಕ್ಲಾಸ್ ಎಂದು ಒಂದು ಪಾಠ ತೋರಿಸುತ್ತವೆ, ಕೆಲವು ಉಚಿತವಾಗಿ, ಕೆಲವು ಸಣ್ಣ ಶುಲ್ಕಕ್ಕೆ. ಫಲಕ, ಪದಕ, ಗೋಡೆಯ ಬಣ್ಣ ಎಲ್ಲ ಬಿಟ್ಟು, ಆ ಪಾಠದ ಹೊತ್ತಿನಲ್ಲಿ ಬಾಗಿಲ ಬಳಿ ಕೂತು ಕೇಳಿಸಿಕೊಳ್ಳಿ. ಆ ಕೋಣೆಯಲ್ಲಿ ಯಾರ ದನಿ ಕೇಳುತ್ತಿದೆ? ಟೀಚರ ದನಿಯೇ? ಮಕ್ಕಳ ಗುಂಪುದನಿಯೇ? ಗೋಡೆಯ ಪರದೆಯಿಂದ ಬರುವ ಹಾಡೇ? ಅಥವಾ ಒಂದೊಂದು ಮಗುವಿನ ಒಂಟಿ ದನಿಯೇ? ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಅಳತೆ ಇನ್ನೊಂದಿಲ್ಲ.

ಎರಡು ಕೋಣೆಗಳನ್ನು ನಿಮ್ಮ ಮುಂದಿಡುತ್ತೇನೆ. ಮೊದಲನೆಯದರಲ್ಲಿ ಹನ್ನೆರಡು ಮಕ್ಕಳು, ಪುಟ್ಟ ಮೇಜು ಕುರ್ಚಿ, ಎಲ್ಲ ಅಚ್ಚುಕಟ್ಟು. ಲಾವೋಶಿ ಮೀನಿನ ಚಿತ್ರ ಎತ್ತಿ ಹಿಡಿದು ‘ಯೂ’ ಎಂದರು. ಮಕ್ಕಳೆಲ್ಲ ‘ಯೂ’ ಎಂದರು. ಪಕ್ಷಿ, ‘ನಿಯಾವ್’. ಮಕ್ಕಳೆಲ್ಲ ‘ನಿಯಾವ್’. ಹೀಗೆ ಇಪ್ಪತ್ತು ಚಿತ್ರ. ಆಮೇಲೆ ಹಾಳೆ ಹಂಚಿದರು. ಮೀನಿಗೆ ಬಣ್ಣ ಹಚ್ಚಬೇಕು, ಕೆಳಗೆ ಚುಕ್ಕಿಗಳಿಂದ ಬರೆದ ಅಕ್ಷರದ ಮೇಲೆ ತಿದ್ದಬೇಕು. ಕೋಣೆ ಶಾಂತವಾಯಿತು. ಬಣ್ಣ ಹಚ್ಚುವಾಗ ಒಂದು ಮಗು ಪಕ್ಕದ ಮಗುವಿಗೆ ನೀಲಿ ಕೊಡು ಎಂದಿತು, ಇಂಗ್ಲಿಷಿನಲ್ಲಿ. ಲಾವೋಶಿ ತುಟಿಯ ಮೇಲೆ ಬೆರಳಿಟ್ಟರು. ಪಾಠ ಮುಗಿಯಿತು. ಗುಂಪಿನಲ್ಲಿ ಅಲ್ಲದೆ ತಾನಾಗಿ ಒಂದು ಮಾತು ಚೀನಿಯಲ್ಲಿ ಆಡಿದ ಮಗು ಅಲ್ಲಿ ಒಂದೂ ಇರಲಿಲ್ಲ. ತಾಯಂದಿರ ಕೈಗೆ ಮಾತ್ರ ಚೆಂದದ ಮೀನುಗಳು ಬಂದವು.

ಎರಡನೆಯ ಕೋಣೆಯಲ್ಲಿ ಆರು ಮಕ್ಕಳು, ನೆಲದ ಮೇಲೆ ಚಾಪೆ. ಲಾವೋಶಿ ಒಂದು ಪಪ್ಪಾಯಿ ತಂದಿದ್ದರು. ‘ಮುಗ್ವಾ’ ಎಂದು ಹೆಸರು ಹೇಳಿ, ಮೂಸಲು ಕೊಟ್ಟರು, ಎತ್ತಲು ಕೊಟ್ಟರು. ಭಾರ ಇದೆಯೇ, ಹಗುರವೇ ಎಂದು ಕೇಳಿದರು. ಆಮೇಲೆ ಕೊಯ್ದರು. ಕಪ್ಪು ಬೀಜ ಕಂಡ ಕೂಡಲೇ ಮಕ್ಕಳು ಮುಗಿಬಿದ್ದರು. ಒಬ್ಬ ಹುಡುಗ ಕೈ ಚಾಚಿ ಇಂಗ್ಲಿಷಿನಲ್ಲಿ ನನಗೆ ಬೇಕು ಎಂದ. ಲಾವೋಶಿ ಬಯ್ಯಲಿಲ್ಲ. ಹೋಳನ್ನು ಕೈಯಲ್ಲಿ ಹಿಡಿದು, ಅವನ ಮುಖ ನೋಡುತ್ತ ‘ವೊ ಯಾವ್’ ಎಂದು ನಿಧಾನವಾಗಿ ಹೇಳಿ, ಕಾದರು. ಹಾಗೆ ಕಾಯುವುದು ಸುಲಭದ ಕೆಲಸವಲ್ಲ. ಅನುಭವವಿಲ್ಲದ ಟೀಚರು ಆ ಮೌನಕ್ಕೆ ಹೆದರಿ ತಾವೇ ಉತ್ತರ ಹೇಳಿಬಿಡುತ್ತಾರೆ. ಇವರು ಕಾದರು. ಹುಡುಗ ‘ವೊ ಯಾವ್’ ಎಂದ. ಹೋಳು ಸಿಕ್ಕಿತು. ಮುಂದಿನ ಹುಡುಗಿ ಕೇಳಿಸಿಕೊಂಡಿದ್ದಳು, ಅವಳು ತಾನಾಗಿಯೇ ‘ವೊ ಯಾವ್ ಮುಗ್ವಾ’ ಎಂದಳು. ಮೂಲೆಯಲ್ಲಿ ಒಂದು ಮಗು ಹಣ್ಣಿನ ಗೊಡವೆಯೇ ಇಲ್ಲದೆ ಬೀಜಗಳನ್ನು ಸಾಲಾಗಿ ಇಡುತ್ತ ‘ಈ, ಅರ್, ಸಾನ್’ ಎಂದು ಎಣಿಸುತ್ತಿತ್ತು. ಆ ಮಕ್ಕಳು ಮನೆಗೆ ಹೋಗುವಾಗ ಕೈಯಲ್ಲಿ ಹಾಳೆ ಇರಲಿಲ್ಲ. ಒಬ್ಬ ತಂದೆ ಅಸಮಾಧಾನದಿಂದ ಇವತ್ತು ಏನೂ ಬರೆಸಲಿಲ್ಲವೇ ಎಂದು ಕೇಳಿದ್ದೂ ನನ್ನ ಕಿವಿಗೆ ಬಿತ್ತು.

ಎದುರಿಗೆ ಜೀವಂತ ಮನುಷ್ಯರು ಕೂತು ಮಾತಾಡುವುದಕ್ಕೆ ಎಷ್ಟು ಬೆಲೆ ಎಂಬುದನ್ನು ವಿಜ್ಞಾನವೂ ಒಂದು ಬಗೆಯಲ್ಲಿ ತೋರಿಸಿದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರಿಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಜೊತೆ ಮ್ಯಾಂಡರಿನ್ ಆಡುವವರು ಕೂತು, ಪುಸ್ತಕ ಓದಿ, ಆಟಿಕೆ ಹಿಡಿದು ಆಡಿಸಿದರು. ಇಪ್ಪತ್ತೈದು ನಿಮಿಷದಂತೆ ಹನ್ನೆರಡು ಸಲ, ಅಷ್ಟೇ. ಆ ಕೂಸುಗಳು ಇಂಗ್ಲಿಷಿನಲ್ಲಿಲ್ಲದ ಮ್ಯಾಂಡರಿನ್ ಧ್ವನಿಗಳ ವ್ಯತ್ಯಾಸವನ್ನು ಗುರುತಿಸಿದವು. ಅದೇ ಜನ, ಅದೇ ಪುಸ್ತಕ, ಅದೇ ಆಟಿಕೆಗಳನ್ನು ಟಿವಿಯಲ್ಲಿ ನೋಡಿದ ಕೂಸುಗಳಿಗೂ ಬರೀ ಧ್ವನಿಮುದ್ರಣ ಕೇಳಿದ ಕೂಸುಗಳಿಗೂ ಆ ಲಾಭ ಸಿಗಲಿಲ್ಲ. ಇದು ಹಸುಗೂಸುಗಳ ಪ್ರಯೋಗ. ನಾಲ್ಕು ವರ್ಷದ ಮಗುವಿಗೆ ಹಾಡಿನಿಂದ, ವಿಡಿಯೊದಿಂದ ಏನೂ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಪಾಠದ ಅರ್ಧ ಹೊತ್ತು ಮಕ್ಕಳನ್ನು ಪರದೆಯ ಮುಂದೆ ಕೂರಿಸುವ ತರಗತಿಗೆ ಶುಲ್ಕ ಕೊಡಬೇಡಿ. ಪರದೆ ಮನೆಯಲ್ಲೂ ಇದೆ. ಮನೆಯಲ್ಲಿ ಇಲ್ಲದ್ದು ಚೀನಿಯಲ್ಲಿ ಮಾತಾಡುವ ಮನುಷ್ಯರು.

ಕಿವಿಗೆ ಮೊದಲು ಕೆಲಸ ಕೊಡಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ, ಮ್ಯಾಂಡರಿನ್‌ನ ಏರಿಳಿತ. ಅದರಲ್ಲಿ ನಾಲ್ಕು ಸ್ವರಗತಿಗಳಿವೆ, ಜೊತೆಗೆ ಒಂದು ತೇಲುಗತಿ. ‘ಮಾಯ್’ ಎಂಬುದನ್ನು ಇಳಿಸಿ ಎತ್ತಿದರೆ ಕೊಳ್ಳುವುದು, ಮೇಲಿನಿಂದ ಕೆಳಗೆ ದಬ್ಬಿದರೆ ಮಾರುವುದು. ಇದನ್ನು ನಿಯಮ ಹೇಳಿ ಕಲಿಸಿದರೆ ದೊಡ್ಡವರಿಗೂ ತಲೆ ಕೆಡುತ್ತದೆ. ಆಟದಂಗಡಿ ಇಟ್ಟು ಮಕ್ಕಳಿಂದ ಕೊಂಡು ಮಾರಿಸಿದರೆ ಸಲೀಸು. ರೋಮನ್ ಅಕ್ಷರದಲ್ಲಿ ಉಚ್ಚಾರ ಬರೆಯುವ ಪಿನ್‌ಯಿನ್ ಪದ್ಧತಿಯನ್ನು ನಾಲ್ಕು ವರ್ಷಕ್ಕೇ ಕಲಿಸುತ್ತೇವೆ ಎಂದು ಹೇಳಿಕೊಳ್ಳುವ ಕೇಂದ್ರಗಳಿವೆ. ಅವಸರವಿಲ್ಲ. ಒಂದನೇ ತರಗತಿಯ ಆರಂಭದಲ್ಲೇ ಶಾಲೆ ಅದನ್ನು ಕಲಿಸುತ್ತದೆ. ಅದೇ ವಯಸ್ಸಿನಲ್ಲಿ ಮಗು ಇಂಗ್ಲಿಷ್ ಅಕ್ಷರಗಳ ಧ್ವನಿಯನ್ನೂ ಕಲಿಯುತ್ತಿರುತ್ತದೆ. ಒಂದೇ ಅಕ್ಷರಕ್ಕೆ ಎರಡು ಕೋಣೆಗಳಲ್ಲಿ ಎರಡು ಉಚ್ಚಾರವಾದರೆ ಗೊಂದಲಪಡುವ ಮಕ್ಕಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಅಕ್ಷರ ಗುರುತಿಸುವ ಕಾರ್ಡುಗಳ ಬಗ್ಗೆ ನನಗೆ ಹಗೆಯಿಲ್ಲ. ಬರೆಯುವುದಕ್ಕಿಂತ ಗುರುತಿಸುವುದು ಮುಂದೆ ಹೋಗಬೇಕು ಎಂಬುದು ಸರಿಯಾದ ಕ್ರಮವೇ. ಶಾಲೆಯ ಪಠ್ಯಕ್ರಮವೂ ಹಾಗೇ ಇದೆ: ಪ್ರಾಥಮಿಕ ಶಾಲೆ ಮುಗಿಯುವಾಗ ಮಗು ಒಂದೂವರೆ ಸಾವಿರಕ್ಕೂ ಹೆಚ್ಚು ಅಕ್ಷರ ಓದಬೇಕು, ಬರೆಯಬೇಕಾದದ್ದು ಅದಕ್ಕಿಂತ ಕಡಿಮೆ. ಮೂರು ಗೀರಿನ ನೀರಿನ ಗುರುತು ಎಡಗಡೆ ಇದ್ದರೆ ಆ ಅಕ್ಷರ ನದಿಯೋ ಸಮುದ್ರವೋ ಸ್ನಾನವೋ ಎಂದು ಊಹಿಸಬಹುದು. ಒಂದು ಮರದ ಪಕ್ಕ ಇನ್ನೊಂದು ಮರ ಇಟ್ಟರೆ ತೋಪು, ಮೂರು ಮರ ಸೇರಿದರೆ ಕಾಡು. ಒಳ್ಳೆಯ ಲಾವೋಶಿ ಇದನ್ನು ಹೇಳಿಕೊಟ್ಟಾಗ ಐದು ವರ್ಷದ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು. ನನ್ನ ಆಕ್ಷೇಪ ಇರುವುದು, ಬಾಯಲ್ಲಿ ಎಂದೂ ಆಡದ ಪದದ ಅಕ್ಷರವನ್ನು ಗುರುತಿಸಲು ಕಲಿಸುವುದಕ್ಕೆ. ಮುನ್ನೂರು ಕಾರ್ಡು ಗುರುತಿಸುವ ಮಗುವಿಗೆ ಚೀನಿಯಲ್ಲಿ ನನಗೆ ಬಾಯಾರಿಕೆ ಎನ್ನಲು ಬಾರದಿದ್ದರೆ ಆ ಮುನ್ನೂರು ನಿಲ್ಲುವುದು ಎಲ್ಲಿ?

ಟೀಚರು ಚೀನಾದವರೋ, ಮಲೇಷ್ಯಾದವರೋ, ಸಿಂಗಪುರದವರೋ ಎಂದು ಬಹಳ ಜನ ವಿಚಾರಿಸುತ್ತಾರೆ. ಬೀಜಿಂಗಿನ ಉಚ್ಚಾರವೇ ಬೇಕು ಎಂಬ ಹಟ ಕೆಲವರಿಗೆ. ನಾನು ಕೇಳುವುದು ಬೇರೆ: ಈ ಟೀಚರು ಈ ಕೇಂದ್ರದಲ್ಲಿ ಎಷ್ಟು ಕಾಲದಿಂದ ಇದ್ದಾರೆ, ಮುಂದಿನ ಅವಧಿಗೂ ಇರುತ್ತಾರೆಯೇ? ಪುಟ್ಟ ಮಗು ಭಾಷೆಗೆ ಒಲಿಯುವ ಮೊದಲು ಮನುಷ್ಯರಿಗೆ ಒಲಿಯುತ್ತದೆ. ಮೂರು ತಿಂಗಳಿಗೊಮ್ಮೆ ಲಾವೋಶಿ ಬದಲಾದರೆ ಪ್ರತಿ ಸಲವೂ ಅದು ಮತ್ತೆ ಬಾಯಿ ಮುಚ್ಚಿಕೊಳ್ಳುತ್ತದೆ. ಇನ್ನೂ ಒಂದು ಮಾತು ವಿಚಾರಿಸಬೇಕು: ಇಂಗ್ಲಿಷಿನಲ್ಲಿ ಉತ್ತರಿಸಿದ ಮಗುವನ್ನು ಹೇಗೆ ನೋಡುತ್ತೀರಿ? ದಂಡನೆ, ನಾಣ್ಯದ ದಂಡ, ಸ್ಟಿಕ್ಕರ್ ಕಿತ್ತುಕೊಳ್ಳುವುದು ಇಂಥದ್ದೇನಾದರೂ ಇದೆ ಎಂದು ತಿಳಿದರೆ ಅಲ್ಲಿಂದ ಎದ್ದು ಬನ್ನಿ.

ವ್ಯವಹಾರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪಾಠಕೇಂದ್ರ ಶಿಕ್ಷಣ ಸಚಿವಾಲಯದಲ್ಲಿ ನೋಂದಾಯಿಸಿಕೊಂಡಿರಬೇಕು, ಅದನ್ನು ನೋಡಿಕೊಳ್ಳಿ. ಶುಲ್ಕವನ್ನು ಸಾಮಾನ್ಯವಾಗಿ ಒಂದು ಅವಧಿಗೆ ಮುಂಗಡವಾಗಿ ಕೇಳುತ್ತಾರೆ. ಜ್ವರ ಬಂದು ತಪ್ಪಿದ ಪಾಠ ಮತ್ತೆ ಸಿಗುತ್ತದೆಯೇ, ನಡುವೆ ಬಿಟ್ಟರೆ ಹಣ ವಾಪಸು ಬರುತ್ತದೆಯೇ ಎಂದು ಬರಹದಲ್ಲಿ ಪಡೆಯಿರಿ. ಕೈಯಲ್ಲಿ ಹಣ ಕಡಿಮೆ ಇರುವ ಚೀನಿ ಕುಟುಂಬಗಳ ಶಾಲಾ ಮಕ್ಕಳಿಗೆ 1992ರಲ್ಲಿ ಹುಟ್ಟಿದ ಸಿಡಿಎಸಿ ಎಂಬ ಸಮುದಾಯ ಸಂಸ್ಥೆ ಕಡಿಮೆ ಶುಲ್ಕದ ಪಾಠ ನಡೆಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ತರಗತಿಯೇ ಬೇಡ ಎನ್ನುವ ಮನೆಗಳೂ ಇವೆ ಎಂಬುದನ್ನೂ ಹೇಳಬೇಕು. ಶಿಕ್ಷಣ ಸಚಿವಾಲಯ 2014ರಿಂದ ತಾನೇ ಕಿಂಡರ್‌ಗಾರ್ಟನ್‌ಗಳನ್ನು ನಡೆಸುತ್ತಿದೆ. ಅಲ್ಲಿ ಪ್ರತಿದಿನ ಒಂದು ಗಂಟೆ ಮಾತೃಭಾಷೆಗೆ ಮೀಸಲು. ವಾರಕ್ಕೆ ಐದು ಗಂಟೆಯಾಯಿತು. ಶನಿವಾರದ ಒಂದೂವರೆ ಗಂಟೆಯ ತರಗತಿಗಿಂತ ಅದು ಎಷ್ಟೋ ಪಾಲು ಹೆಚ್ಚು. ಮಗು ಹೋಗುವ ಶಿಶುವಿಹಾರದಲ್ಲಿ ಒಳ್ಳೆಯ ಲಾವೋಶಿ ಇದ್ದರೆ, ಈ ವಾರ ಯಾವ ಕತೆ ಹೇಳಿದಿರಿ ಎಂದು ಅವರನ್ನು ಕೇಳಿ, ಅದೇ ಪುಸ್ತಕವನ್ನು ಗ್ರಂಥಾಲಯದಿಂದ ತಂದು ಮನೆಯಲ್ಲಿ ಓದಿದರೆ ಆಯಿತು. ವಿಕ್ಟೋರಿಯಾ ಸ್ಟ್ರೀಟ್‌ನ ರಾಷ್ಟ್ರೀಯ ಗ್ರಂಥಾಲಯದ ಎದುರೇ ಬ್ರಾಸ್ ಬಸಾ ಕಾಂಪ್ಲೆಕ್ಸ್ ಇದೆ. 1980ರಲ್ಲಿ ಕಟ್ಟಿದ ಆ ಹಳೆಯ ಕಟ್ಟಡದಲ್ಲಿ ಚೀನಿ ಪುಸ್ತಕದಂಗಡಿಗಳು ಈಗಲೂ ಉಸಿರು ಹಿಡಿದುಕೊಂಡಿವೆ. ಓದಲು ಅಪ್ಪ ಅಮ್ಮನಿಗೆ ಬಾರದಿದ್ದರೆ ಅಜ್ಜಿಯ ಕೈಗೆ ಕೊಡಿ. ಅಜ್ಜಿ ಮ್ಯಾಂಡರಿನ್‌ಗೆ ಸ್ವಲ್ಪ ಟಿಯೊಚೂ ಬೆರೆಸಿ ಕತೆ ಹೇಳಿದರೂ ಮಗುವಿಗೆ ಯಾವ ಕೇಡೂ ಇಲ್ಲ. ಮಗುವಿಗಿಂತ ಹೆಚ್ಚಾಗಿ ಅಜ್ಜಿಗೆ ಅದರಿಂದ ಆಗುವ ಸಂತೋಷವನ್ನು ನಾನು ಕಂಡಿದ್ದೇನೆ.

ಕೊನೆಗೆ ನಮ್ಮವರ ವಿಷಯ. ಸಿಂಗಪುರದ ಶಾಲೆಗಳಲ್ಲಿ ಭಾರತೀಯ ಮಕ್ಕಳು ಮಾತೃಭಾಷೆಯ ಜಾಗದಲ್ಲಿ ತಮಿಳನ್ನು, ಇಲ್ಲವೇ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವುಗಳಲ್ಲಿ ಒಂದನ್ನು ಓದಬಹುದು. ಕನ್ನಡ ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಕನ್ನಡದ ಮನೆಗಳು ಬಹುಮಟ್ಟಿಗೆ ಹಿಂದಿಯನ್ನೋ ತಮಿಳನ್ನೋ ಹಿಡಿಯುತ್ತವೆ. ಅನುಮತಿ ಪಡೆದು ಚೀನಿ ಭಾಷೆಯನ್ನೇ ತೆಗೆದುಕೊಂಡ ಭಾರತೀಯ ಕುಟುಂಬಗಳೂ ಇವೆ. ಇದು ಗಂಭೀರವಾದ ಆಯ್ಕೆ. ಆರು ವರ್ಷ ಆ ಮಗು ಚೀನಿ ಮನೆಗಳ ಮಕ್ಕಳ ಜೊತೆಗೇ ಪರೀಕ್ಷೆ ಬರೆಯಬೇಕು, ಮನೆಯಲ್ಲಿ ನೆರವಾಗುವವರು ಯಾರೂ ಇರುವುದಿಲ್ಲ. ಹಾಗೆ ನಿರ್ಧರಿಸಿದ್ದರೆ, ಚೀನಿಯಲ್ಲಿ ಮಾತಾಡುವ ಗೆಳೆಯರು, ನೆರೆಯವರು ಮಗುವಿಗೆ ವಾರದ ನಡುವೆಯೂ ಸಿಗುವ ಹಾಗೆ ನೋಡಿಕೊಳ್ಳಬೇಕು. ಶನಿವಾರದ ತರಗತಿಯೊಂದೇ ಆ ಭಾರ ಹೊರಲಾರದು. ಹಿಂದಿಯನ್ನೋ ತಮಿಳನ್ನೋ ಓದಿಸುವುದಾದರೆ, ಶಿಶುವಿಹಾರದಲ್ಲಿ ಮಗು ಆಡುತ್ತಾ ಕಲಿತ ಚೀನಿ ಮಾತು ಒಂದು ಸೊಗಸು. ಅದನ್ನು ಆಡಿಕೊಂಡು ಬರಲಿ ಬಿಡಿ, ಅದಕ್ಕೆಂದು ಇನ್ನೊಂದು ಶುಲ್ಕ ಕಟ್ಟಬೇಕಾಗಿಲ್ಲ.

ಅಜ್ಜ ಅಜ್ಜಿಯರೇ, ಇದರಿಂದ ಕನ್ನಡ ಹೋಗುತ್ತದೆಯೇ ಎಂದು ನೀವು ಕೇಳುತ್ತೀರಿ. ಚೀನಿ ಭಾಷೆ ಕಲಿತದ್ದರಿಂದ ಕನ್ನಡ ಬಿಟ್ಟ ಮಗುವನ್ನು ನಾನು ಅಲ್ಲಿ ನೋಡಲಿಲ್ಲ. ಮನೆಯಲ್ಲಿ ಕನ್ನಡ ಕಿವಿಗೆ ಬೀಳದ್ದರಿಂದ ಬಿಟ್ಟ ಮಕ್ಕಳನ್ನು ನೋಡಿದ್ದೇನೆ. ಮುಂದಿನ ಸಲ ಫೋನಿನಲ್ಲಿ ಮೊಮ್ಮಗು ಸಿಕ್ಕಾಗ ಊಟ ಆಯಿತಾ ಎಂದಷ್ಟೇ ಕೇಳಿ ಇಟ್ಟುಬಿಡಬೇಡಿ. ಏನು ತಿಂದೆ, ಯಾರ ಜೊತೆ ತಿಂದೆ, ಖಾರ ಇತ್ತಾ ಎಂದು ಕೇಳಿ. ಅದು ಇಂಗ್ಲಿಷಿನಲ್ಲಿ ಉತ್ತರಿಸಿದರೆ ಆ ಮಾತನ್ನೇ ಕನ್ನಡದಲ್ಲಿ ಹೇಳಿಕೊಟ್ಟು, ಅದು ಮತ್ತೆ ಬಾಯಿ ತೆರೆಯುವ ತನಕ ಕಾಯಿರಿ.